ರೋಗಿ ಸಾಗಿಸುವ ಗಾಡಿ: ತಪಾಸಣೆಯಲ್ಲಿ ಏನು ನೋಡುತ್ತಾರೆ?

(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು)



ಲೂಕನ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಬರುವ ಸಮಾರಿಯದವನು ಗಾಯಾಳುವನ್ನು ಸುಮ್ಮನೆ ಎತ್ತಿಕೊಂಡು ಓಡಲಿಲ್ಲ. ಮೊದಲು ಗಾಯ ಕಟ್ಟಿದ, ಆಮೇಲೆ ತನ್ನ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಕರೆದೊಯ್ದ. ಸಾಗಿಸುವುದೂ ಶುಶ್ರೂಷೆಯ ಒಂದು ಭಾಗ ಎಂಬ ಪಾಠ ನಮಗೆ ಇಲ್ಲಿದೆ.

ಆಂಬ್ಯುಲೆನ್ಸ್ ಅಂದ್ರೆ ಅಪಘಾತಕ್ಕೆ ಮಾತ್ರ ಅಲ್ಲ. ಡಯಾಲಿಸಿಸ್‌ಗೆ ವಾರಕ್ಕೆ ಎರಡು ಮೂರು ಸಲ ಹೋಗುವವರು, ಆಪರೇಷನ್ ಆಗಿ ಮನೆಗೆ ಮರಳುವವರು, ಹಾಸಿಗೆ ಹಿಡಿದ ವೃದ್ಧರು, ಇವರಿಗೂ ಗಾಡಿ ಬೇಕು. ಈ ಕೆಲಸವನ್ನು ಖಾಸಗಿಯವರು, ಸಂಘ-ಸಂಸ್ಥೆಗಳು ಮಾಡುತ್ತವೆ. ಹಾಗಾದರೆ ಇದನ್ನು ಪರೀಕ್ಷಿಸುವವರು ಯಾರು?

ಇಂಗ್ಲೆಂಡಿನ ಉದಾಹರಣೆ

ನಮ್ಮ ಊರುಗಳ ಎಷ್ಟೋ ನರ್ಸ್‌ಗಳು ದುಡಿಯುತ್ತಿರುವ ಇಂಗ್ಲೆಂಡಿನಲ್ಲಿ 2009ರಲ್ಲಿ ಆರಂಭವಾದ ಕೇರ್ ಕ್ವಾಲಿಟಿ ಕಮಿಷನ್ ಎಂಬ ಸಂಸ್ಥೆ ಈ ಕೆಲಸ ಮಾಡುತ್ತಿದೆ. ಅಲ್ಲಿ ಖಾಸಗಿ ಆಂಬ್ಯುಲೆನ್ಸ್ ಸೇವೆಯವರು ಮೊದಲು ನೋಂದಣಿ ಮಾಡಿಸಬೇಕು. ತಪಾಸಕರು ಕೆಲವೊಮ್ಮೆ ಮುನ್ಸೂಚನೆ ಕೊಡದೆಯೂ ಬರುತ್ತಾರೆ. ಅವರು ಕೇಳುವುದು ಐದೇ ಪ್ರಶ್ನೆ:

1. ಸೇವೆ ಸುರಕ್ಷಿತವೇ?
2. ಪರಿಣಾಮಕಾರಿಯೇ?
3. ಅಕ್ಕರೆಯಿಂದ ಕೂಡಿದೆಯೇ?
4. ಜನರ ಅಗತ್ಯಕ್ಕೆ ಸ್ಪಂದಿಸುತ್ತದೆಯೇ?
5. ಆಡಳಿತ ಸರಿಯಾಗಿದೆಯೇ?

ಪ್ರಶ್ನೆ ದೊಡ್ಡದು, ಆದರೆ ನೋಡುವುದು ಸಣ್ಣ ಸಣ್ಣ ವಿಷಯ. ಸ್ಟ್ರೆಚರ್ ಒರೆಸಿದ್ದಾರಾ? ಆಕ್ಸಿಜನ್ ಸಿಲಿಂಡರನ್ನು ಅಲ್ಲಾಡದಂತೆ ಬಿಗಿದಿದ್ದಾರಾ? ಸಾಮಗ್ರಿಗಳ ಅವಧಿ ಮುಗಿದಿದೆಯಾ? ಚಾಲಕನ ಲೈಸನ್ಸ್, ಸಿಬ್ಬಂದಿಯ ತರಬೇತಿ ಮತ್ತು ಪೂರ್ವಾಪರದ ದಾಖಲೆ ಇದೆಯಾ? ರೋಗಿ ಜಾರಿ ಬಿದ್ದಿದ್ದರೆ ಅದನ್ನು ಬರೆದಿಟ್ಟು, ಮತ್ತೆ ಹಾಗಾಗದಂತೆ ಏನು ಮಾಡಿದರು?

ಕೊನೆಗೆ ಅತ್ಯುತ್ತಮ, ಉತ್ತಮ, ಸುಧಾರಣೆ ಬೇಕು, ಅಸಮರ್ಪಕ ಎಂಬ ನಾಲ್ಕು ದರ್ಜೆಗಳಲ್ಲಿ ಒಂದನ್ನು ಕೊಡಬಹುದು. ವರದಿಯನ್ನು ಯಾರು ಬೇಕಾದರೂ ಓದಬಹುದು. ತಪ್ಪು ಗಂಭೀರವಾಗಿದ್ದರೆ ಎಚ್ಚರಿಕೆ ನೋಟಿಸ್ ಕೊಡುವ, ನೋಂದಣಿಯನ್ನು ರದ್ದು ಮಾಡುವ ಅಧಿಕಾರವೂ ಕಮಿಷನ್ನಿಗಿದೆ.

ನಮ್ಮಲ್ಲಿ

ನಮ್ಮ ದೇಶದಲ್ಲಿ ಎ.ಐ.ಎಸ್. 125 ಎಂಬ ಮಾನದಂಡವು ಆಂಬ್ಯುಲೆನ್ಸ್‌ಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ವಿಧ ಮಾಡಿದೆ. ತುರ್ತು ಅಲ್ಲದ ರೋಗಿಯನ್ನು ಸಾಗಿಸುವುದು 'ಬಿ' ಗಾಡಿ. ಉಸಿರಾಟಕ್ಕೆ ಕಷ್ಟವಿರುವ ರೋಗಿಗೆ ಈ ಗಾಡಿ ಸಾಲದು. ಅಂಥವರಿಗೆ ಜೀವರಕ್ಷಕ ಸಾಧನಗಳಿರುವ ಸಿ ಅಥವಾ ಡಿ ಬೇಕು.

ಗಾಡಿಗೆ ಆರ್.ಟಿ.ಓ. ಕಚೇರಿಯ ಎಫ್.ಸಿ. ಇರಬೇಕು. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ. ಆದರೆ ಎಫ್.ಸಿ. ಹೇಳುವುದು ಗಾಡಿ ರಸ್ತೆಗೆ ಯೋಗ್ಯವೆಂದು ಮಾತ್ರ. ಇವತ್ತು ಸಿಲಿಂಡರ್ ತುಂಬಿದೆಯಾ, ಜೊತೆಗೆ ಬರುವವನಿಗೆ ರೋಗಿಯನ್ನು ಎತ್ತಲು ಗೊತ್ತಾ ಅನ್ನೋದನ್ನು ಆ ಕಾಗದ ಹೇಳುವುದಿಲ್ಲ. ಬಡವರಂತೂ "ಗಾಡಿ ಸಿಕ್ಕಿದ್ದೇ ಪುಣ್ಯ" ಅಂತ ಏನೂ ಕೇಳದೆ ಹತ್ತಿಬಿಡುತ್ತಾರೆ. ಕೇಳುವವರಿಲ್ಲದ ಕಡೆ ಕಷ್ಟ ಅನುಭವಿಸುವುದು ರೋಗಿಯೇ.

ಆದ್ದರಿಂದ ನಾವೇ ಕೇಳೋಣ. ಗಾಡಿ ಹತ್ತುವ ಮೊದಲು:

- ಬಾಡಿಗೆ ಎಷ್ಟು? ಕಾಯುವ ಹಣ ಬೇರೆಯೇ? ರಸೀದಿ ಕೊಡುತ್ತೀರಾ?
- ಎಫ್.ಸಿ., ಇನ್ಶೂರೆನ್ಸ್ ಚಾಲ್ತಿಯಲ್ಲಿವೆಯೇ?
- ಸ್ಟ್ರೆಚರಿನ ಬೆಲ್ಟ್ ಗಟ್ಟಿಯಾಗಿದೆಯೇ, ಹಾಸು ಶುಚಿಯಾಗಿದೆಯೇ?
- ಸಿಲಿಂಡರಿನ ಮುಳ್ಳು ಎಷ್ಟು ತೋರಿಸುತ್ತದೆ?
- ಚಾಲಕನಲ್ಲದೆ ರೋಗಿಯ ಪಕ್ಕ ಇನ್ನೊಬ್ಬರು ಇರುತ್ತಾರಾ?

ಜೀವಕ್ಕೆ ಅಪಾಯವಿದ್ದಾಗ ಮಾತ್ರ ಇದಕ್ಕೆಲ್ಲಾ ಕಾಯಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ. ಕರ್ನಾಟಕದಲ್ಲಿ 2008ರಲ್ಲಿ ಆರಂಭವಾದ ಈ ಸೇವೆ ಉಚಿತ.

ಚರ್ಚೆಗೆ

1. ನಮ್ಮ ಊರಿಗೆ ಬರುವ ಆಂಬ್ಯುಲೆನ್ಸ್ ಯಾವ ವಿಧದ್ದು?
2. ಚರ್ಚ್ ಅಥವಾ ಸಂಘದ ಗಾಡಿ ಇದ್ದರೆ, ಮೇಲಿನ ಐದು ಪ್ರಶ್ನೆಗೆ ನಮ್ಮ ಉತ್ತರವೇನು?
3. ತಿಂಗಳಿಗೊಮ್ಮೆ ಗಾಡಿ ನೋಡಿ ಪುಸ್ತಕದಲ್ಲಿ ಬರೆಯುವ ಜವಾಬ್ದಾರಿ ಯಾರು ಹೊರುತ್ತೀರಿ?

ಸೇವೆ ಮಾಡುವವರನ್ನು ಪ್ರಶ್ನಿಸುವುದು ಅವಮಾನವಲ್ಲ. ನಮ್ಮದೇ ಗಾಡಿಯಾದರೆ ಮೊದಲ ಪ್ರಶ್ನೆ ನಮಗೇ ಇರಲಿ.