ಲೆಕ್ಕಪತ್ರಗಳಲ್ಲಿ ‘ಫೇರ್’ ಎಂಬ ಪದ

‘ಫೇರ್’ ಎಂಬ ಆಂಗ್ಲ ವಿಶೇಷಣಕ್ಕೆ ಸಂದರ್ಭಾನುಸಾರ ಸುಂದರ, ಗೌರವರ್ಣದ, ನ್ಯಾಯಸಮ್ಮತ ಎಂಬ ಅರ್ಥಗಳಿವೆ. ಲೆಕ್ಕಪರಿಶೋಧಕರ ವರದಿಯ ‘ಟ್ರೂ ಅಂಡ್ ಫೇರ್’ ಎಂಬಲ್ಲಿ ಅದು ‘ವಸ್ತುಸ್ಥಿತಿಯನ್ನು ಮರೆಮಾಚದ’ ಎಂಬ ಅರ್ಥವನ್ನು ಕೊಡುತ್ತದೆ. 1913ರ ಕಂಪನಿ ಕಾಯಿದೆಯಲ್ಲಿ ‘ಟ್ರೂ ಅಂಡ್ ಕರೆಕ್ಟ್’ ಎಂದಿತ್ತು. 1956ರ ಕಾಯಿದೆಯು ‘ಕರೆಕ್ಟ್’ ಪದದ ಸ್ಥಾನದಲ್ಲಿ ‘ಫೇರ್’ ಪದವನ್ನು ತಂದಿತು. 2013ರ ಕಾಯಿದೆಯೂ ಅದನ್ನೇ ಉಳಿಸಿಕೊಂಡಿದೆ.

ಉದಾಹರಣೆಗೆ, ಗ್ರಾಹಕನೊಬ್ಬನಿಂದ 10 ಲಕ್ಷ ರೂ. ಬರಬೇಕಾಗಿದ್ದು, ಬಿಲ್ಲುಗಳೆಲ್ಲವೂ ಕ್ರಮಬದ್ಧವಾಗಿವೆ. ಆದರೆ ಆತ ದಿವಾಳಿಯಾಗಿದ್ದಾನೆ. ಅಢಾವೆ ಪತ್ರಿಕೆಯಲ್ಲಿ ಪೂರ್ಣ ಮೊತ್ತವನ್ನು ಆಸ್ತಿಯೆಂದು ತೋರಿಸಿದರೆ ಅಂಕಿ ತಾಳೆಯಾಗುವುದು, ಚಿತ್ರಣ ಮಾತ್ರ ‘ಫೇರ್’ ಎನಿಸದು. ಬಾರದ ಬಾಕಿಗೆ ಪ್ರಾವಿಷನ್ ಮಾಡಲೇಬೇಕು. ಇಲ್ಲವಾದಲ್ಲಿ ಆ ಪತ್ರಿಕೆಯನ್ನು ನಂಬಿ ಸಾಲ ಕೊಟ್ಟ ಬ್ಯಾಂಕೂ ಉದ್ದರಿ ಸರಕು ಕೊಟ್ಟ ವರ್ತಕನೂ ನಷ್ಟಕ್ಕೀಡಾಗುವರು.