ಲಂಬರೇಖೆ ಬಾರದವಳು ಸೈನ್ಸ್ ಬಿಡಬೇಕೆ?

ಪ್ರಶ್ನೆ: ನಾನು ಇಳಕಲ್ಲಿನವಳು. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮ. ಈಗ ಬಾಗಲಕೋಟೆಯಲ್ಲಿ ಪಿಯುಸಿ ಮೊದಲ ವರ್ಷ, ಸೈನ್ಸ್. ‘ಕೊಟ್ಟ ರೇಖೆಗೆ ಲಂಬವಾಗಿ, ಕೊಟ್ಟ ಬಿಂದುವಿನ ಮೂಲಕ ಹಾದುಹೋಗುವ ರೇಖೆಯ ಸಮೀಕರಣ’ ಕೇಳಿದ ಲೆಕ್ಕಕ್ಕೆ ಟೆಸ್ಟಿನಲ್ಲಿ ಸೊನ್ನೆ ಬಂತು. ಸೂತ್ರ ಬಾಯಿಪಾಠವಿತ್ತು, ಕೈ ಓಡಲಿಲ್ಲ. ಅಪ್ಪ ಮಗ್ಗ ನೇಯುತ್ತಾರೆ. ಅವರ ದುಡ್ಡು ಹಾಳು ಮಾಡುವುದಕ್ಕಿಂತ ಆರ್ಟ್ಸಿಗೆ ಹೋಗಿಬಿಡಲೇ?

ಉತ್ತರ: ತಂಗಿ, ಆರ್ಟ್ಸ್ ಇಷ್ಟವಿದ್ದರೆ ಖುಷಿಯಿಂದ ಹೋಗು. ಒಂದು ಲೆಕ್ಕಕ್ಕೆ ಹೆದರಿ ಹೋಗಬೇಡ. ಹತ್ತನೆಯ ತರಗತಿಯಲ್ಲಿ ನೀನು ಕಲಿತದ್ದು ದೂರದ ಸೂತ್ರ, ಭಾಗಪ್ರಮಾಣ ಸೂತ್ರ. ರೇಖೆಯ ಇಳಿಜಾರು ಎಂಬುದು ಪಿಯುಸಿಯಲ್ಲೇ ಮೊದಲು ಎದುರಾಗುವುದು, ಅದೂ ಇಂಗ್ಲಿಷಿನಲ್ಲಿ. ಹೊಸ ವಿಷಯ, ಹೊಸ ಭಾಷೆ ಎರಡೂ ಒಮ್ಮೆಗೇ ಮೈಮೇಲೆ ಬಿದ್ದರೆ ಯಾರಾದರೂ ತಡವರಿಸುತ್ತಾರೆ. ಮೊದಲು ಕನ್ನಡದಲ್ಲೇ ಅರ್ಥ ಮಾಡಿಕೋ.

2ಎಕ್ಸ್ + 3ವೈ = 7 ಎಂಬ ರೇಖೆ ತಗೋ. ಬಿಂದು (4, 1). ಈ ರೇಖೆ ಬಲಕ್ಕೆ 3 ಮನೆ ಸರಿದರೆ ಕೆಳಕ್ಕೆ 2 ಮನೆ ಇಳಿಯುತ್ತದೆ, ಇಳಿಜಾರು −2/3. ಗ್ರಾಫ್ ಹಾಳೆಯನ್ನು ಎಡಕ್ಕೆ ಕಾಲು ಸುತ್ತು ತಿರುಗಿಸು. ಬಲಕ್ಕಿದ್ದ 3 ಮೇಲಕ್ಕಾಯಿತು, ಕೆಳಗಿದ್ದ 2 ಬಲಕ್ಕೆ ಬಂತು. ಇಳಿಜಾರು ಈಗ 3/2. ಎರಡನ್ನೂ ಗುಣಿಸಿದರೆ −1. ನೀನು ಉರುಹೊಡೆದ ಸೂತ್ರ ಇದೇ.

ಹಾಗಾಗಿ ಎಕ್ಸ್, ವೈಗಳ ಮುಂದಿನ ಅಂಕಿ ಅದಲುಬದಲು ಮಾಡಿ ಒಂದರ ಚಿಹ್ನೆ ತಿರುಗಿಸಿದರೆ ಲಂಬ ಸಿಕ್ಕಿತು: 3ಎಕ್ಸ್ − 2ವೈ = ಕೆ. ಈ ‘ಕೆ’ ಏನೆಂಬಲ್ಲೇ ಬಹಳ ಮಕ್ಕಳು ಕೈಚೆಲ್ಲುತ್ತಾರೆ. ಅಪ್ಪನ ಮಗ್ಗ ನೆನಪಿಸಿಕೋ. ಹಾಸಿನ ಒಂದು ಎಳೆಗೆ ಅಡ್ಡವಾಗಿ ಹೊಕ್ಕಿನ ಎಳೆಗಳು ಎಷ್ಟೋ. ಎಲ್ಲವೂ ಅದಕ್ಕೆ ಲಂಬವೇ. ನಮಗೆ ಬೇಕಾದದ್ದು ಯಾವುದು? ಕೊಟ್ಟ ಬಿಂದುವನ್ನು ಮುಟ್ಟುವ ಆ ಒಂದೇ ಎಳೆ. (4, 1) ಹಾಕು: 12 − 2 = 10. ಉತ್ತರ 3ಎಕ್ಸ್ − 2ವೈ = 10. ಇಳಿಜಾರು ದಿಕ್ಕು ಹೇಳುತ್ತದೆ, ಬಿಂದು ಜಾಗ ಹೇಳುತ್ತದೆ. ಟೆಸ್ಟಿನಲ್ಲಿ ನೀನು ದಿಕ್ಕಿನ ತನಕ ಬಂದು ನಿಂತಿರಬೇಕು ಅಂತ ನನ್ನ ಊಹೆ.

ಒಂದು ಕಡೆ ಹುಷಾರು. ರೇಖೆ ವೈ = 5 ಎಂದಿದ್ದರೆ ಇಳಿಜಾರು ಸೊನ್ನೆ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ −1 ಬಾರದು, ಸೂತ್ರ ಅಲ್ಲಿ ನಡೆಯದು. ಚಿತ್ರ ಬರೆದರೆ ಸಾಕು: (3, 8)ರ ಮೂಲಕ ಲಂಬ ಎಂದರೆ ಎಕ್ಸ್ = 3.

ಇದು ಓದಿದವರ ಮನೆಯ ವಿದ್ಯೆ ಅಂತಲೂ ತಿಳಿಯಬೇಡ. ಯಜ್ಞವೇದಿಯ ಅಳತೆ ಹೇಳುವ ಹಳೆಯ ಗ್ರಂಥ ಕಾತ್ಯಾಯನ ಶುಲ್ಬಸೂತ್ರದಲ್ಲಿ ಗೂಟದ ನೆರಳಿನಿಂದ ಪೂರ್ವ-ಪಶ್ಚಿಮ ಗೆರೆ ಹಿಡಿದು, ಹಗ್ಗದ ನಡುವನ್ನು ಎರಡೂ ಕಡೆ ಎಳೆದು ಉತ್ತರ-ದಕ್ಷಿಣ ಗುರುತಿಸುವ ಕ್ರಮವಿದೆ. ಸಮೀಕರಣವಿಲ್ಲದ ಲಂಬ ಅದು. ಬಾದಾಮಿ, ಪಟ್ಟದಕಲ್ಲಿನ ಗುಡಿಗಳ ಮೂಲೆ ನೋಡುವಾಗ ನನಗೆ ಆ ಹಗ್ಗ ನೆನಪಾಗುತ್ತದೆ.

ಲೆಕ್ಚರರ ಹತ್ತಿರ ಸಂಕೋಚ ಬಿಟ್ಟು ಕೇಳು. ಕನ್ನಡದಲ್ಲಿ ಕೇಳಿದರೆ ಮರ್ಯಾದೆ ಹೋಗುವುದಿಲ್ಲ. ಉತ್ತರವನ್ನು ಇಂಗ್ಲಿಷಿನಲ್ಲಿ ಬರೆದು ರೂಢಿ ಮಾಡಿಕೋ. ವಿಷಯ ಬದಲಿಸುವ ಮಾತನ್ನು ಮುಂದಿನ ಟೆಸ್ಟಿನ ತನಕ ಮುಂದಕ್ಕೆ ಹಾಕು. ಈ ರಾತ್ರಿಗೆ ಒಂದು ಲೆಕ್ಕ: ರೇಖೆ 5ಎಕ್ಸ್ − ವೈ = 3, ಬಿಂದು (10, 2). ಎಕ್ಸ್ + 5ವೈ = 20 ಬಂದರೆ ಸರಿ.