ಕೋಪದ ಗಳಿಗೆಯಲ್ಲಿ ಅರಿವು

ಕೋಪವು ದುರ್ಜನರಲ್ಲಿ ಮಾತ್ರ ಹುಟ್ಟುವುದೆಂದು ತಿಳಿಯಲಾಗದು. ಸತ್ಕಾರ್ಯದಲ್ಲಿ ತೊಡಗಿದವರನ್ನೂ ಅದು ಬಿಡದು. 15ನೆಯ ಶತಮಾನದಲ್ಲಿ ಸಂಕಲಿತವಾದ ಶೂನ್ಯಸಂಪಾದನೆಯಲ್ಲಿ ಬರುವ ಸಿದ್ಧರಾಮೇಶ್ವರರ ಪ್ರಸಂಗವೇ ಇದಕ್ಕೆ ನಿದರ್ಶನ.

ಸಿದ್ಧರಾಮರು ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಲೋಕಹಿತಕ್ಕಾಗಿ ಕೆರೆಯನ್ನು ಕಟ್ಟಿಸುತ್ತಿದ್ದರು. ಅಲ್ಲಿಗೆ ಬಂದ ಅಲ್ಲಮಪ್ರಭುದೇವರು ಅವರನ್ನು ಬೇಕೆಂದೇ ಹಗುರವಾಗಿ ನುಡಿದರು. ಕೆಲಸದವರು ಸಿಟ್ಟಾಗಿ ಕಲ್ಲೆಸೆದರು. ಸುದ್ದಿ ಕೇಳಿದ ಸಿದ್ಧರಾಮರೂ ಕೆರಳಿದರು. ಅವರ ಹಣೆಗಣ್ಣಿನ ಉರಿ ಪ್ರಭುವನ್ನು ಏನೂ ಮಾಡಲಾರದೆ ಹೋಯಿತು. ಕೆರೆ ಪರರ ಬಾಯಾರಿಕೆಗಾಗಿ. ಉರಿ ಎದ್ದುದಾದರೋ ‘ನಾನು ಕಟ್ಟಿಸಿದೆ’ ಎಂಬ ಭಾವಕ್ಕೆ ಪೆಟ್ಟು ಬಿದ್ದುದರಿಂದ. ಪ್ರಭುದೇವರು ಆ ಭಾವವನ್ನೇ ಅವರಿಗೆ ಕಾಣಿಸಿಕೊಟ್ಟರು. ಕಂಡೊಡನೆ ಕೋಪವೇ ಅರಿವಿಗೆ ಬಾಗಿಲಾಯಿತು.

ಸಂಸಾರಿಗಳ ಮನೆಯಲ್ಲಿಯೂ ಈ ಉರಿ ಏಳುವುದುಂಟು. ದಾಯಾದಿಯು ಹೊಲದ ಬದುವನ್ನು ಒತ್ತಿದಾಗ, ಮಗನು ಎದುರುತ್ತರ ಕೊಟ್ಟಾಗ ಮಾಡತಕ್ಕದ್ದೇನು? ಮೊದಲು ನಾಲಗೆಯನ್ನು ತಡೆಯಬೇಕು. ಎದೆಯ ಬಡಿತ, ಉಸಿರಿನ ವೇಗ, ಬಿಗಿದ ಹಲ್ಲು ಇವನ್ನು ಗಮನಿಸಿ, ‘ಇದು ಕೋಪ’ ಎಂದು ಮನದಲ್ಲಿಯೇ ಹೆಸರಿಸಬೇಕು. ಭಾವಕ್ಕೆ ಹೆಸರಿಟ್ಟರೆ ಅದರ ಬಿರುಸು ತಗ್ಗಬಲ್ಲುದೆಂದು ಇಂದಿನ ಮನಶ್ಶಾಸ್ತ್ರಜ್ಞರೂ ಕಂಡುಕೊಂಡಿದ್ದಾರೆ. ಬಳಿಕ, ಪೆಟ್ಟು ಬಿದ್ದುದು ನ್ಯಾಯಕ್ಕೋ ತನ್ನ ಅಹಂಕಾರಕ್ಕೋ ಎಂದು ವಿಚಾರಿಸಬೇಕು. ನ್ಯಾಯಕ್ಕಾದರೆ ಆಡತಕ್ಕ ಮಾತನ್ನು ಶಾಂತವಾಗಿ, ಸ್ಪಷ್ಟವಾಗಿ ಆಡಬೇಕು. ಅಹಂಕಾರಕ್ಕಾದರೆ ಆಡುವುದೇನೂ ಉಳಿಯದು.

ಕೋಪವನ್ನು ಅರಿಯುವುದು ಬೇರೆ, ಅದುಮಿಡುವುದು ಬೇರೆ. ಅದುಮಿಟ್ಟ ಕೋಪವು ಬೂದಿ ಮುಚ್ಚಿದ ಕೆಂಡ. ಹೊಲದಲ್ಲಿ ನುಂಗಿದ ಸಿಟ್ಟು ಸಂಜೆ ಮಡದಿಮಕ್ಕಳ ಮೇಲೆ ಬೀಳುವುದು. ದುಃಖದ ಮಾತೂ ಇದೇ. ಅಗಲಿದವರಿಗಾಗಿ ಬರುವ ಕಣ್ಣೀರನ್ನು ಭಕ್ತಿಯ ಕೊರತೆಯೆಂದು ತಡೆಯಬೇಕಾಗಿಲ್ಲ. ದುಃಖವು ಬಂದಿದೆಯೆಂದು ಅರಿತು ಅತ್ತವನ ಮನಸ್ಸು ಹಗುರಾಗುವುದು. ಬಹುಕಾಲ ಊಟ ನಿದ್ರೆಗಳು ಕೆಟ್ಟರೆ ವೈದ್ಯರನ್ನು ಕಾಣುವುದರಲ್ಲಿ ಲಜ್ಜೆಯಿಲ್ಲ.

ಈ ಎಚ್ಚರವು ಬೇಕೆಂದ ಗಳಿಗೆಯಲ್ಲಿ ತಾನಾಗಿ ಒದಗದು. ನಿತ್ಯವೂ ಕರಸ್ಥಲದ ಇಷ್ಟಲಿಂಗದಲ್ಲಿ ದೃಷ್ಟಿಯನ್ನಿಟ್ಟು ಕುಳಿತಾಗ ಮನವು ನೂರು ಕಡೆ ಓಡುವುದು. ಓಡಿತೆಂದು ಹಳಿದುಕೊಳ್ಳದೆ ಅದನ್ನು ಮರಳಿ ತರುವುದೇ ಅಭ್ಯಾಸ. ಪೂಜೆಯ ಹೊತ್ತಿನಲ್ಲಿ ಮನವನ್ನು ಹೀಗೆ ಮರಳಿಸಲು ಕಲಿತವನು ಜಗಳದ ಹೊತ್ತಿನಲ್ಲಿಯೂ ಮರಳಿಸಬಲ್ಲನು.